ಉಪ್ಪಿನ ಬಟ್ಟಲು

ಊಟಕ್ಕೆ ಮುಂಚೆ ಘಜಾಲಾ ಕೈ ತೊಳೆದು ಪ್ರಾರ್ಥನೆ ಹೇಳಿದಳು. ಜೆರ್ಬಾ ದ್ವೀಪದ ಯೆಹೂದಿ ಮನೆಗಳಲ್ಲಿ ಆಮೇಲೆ ರೊಟ್ಟಿಯ ಚೂರು ಬಾಯಿಗೆ ಬೀಳುವ ತನಕ ಮಾತಿಲ್ಲ. ಗಂಡ ಖಮೂಸ್‌ಗೆ ಅಷ್ಟೇ ಸಾಕಾಯಿತು.

"ಈಗ ವಹಿಸ್ಕೊಂಡು ಬಾರೇ ನನ್ನ ತಮ್ಮನ್ನ! ಅವನಾಗೇ ಬಂದು ತಪ್ಪಾಯ್ತು ಅನ್ನೋವರೆಗೂ ಇಲ್ಲಿ ಅವನಿಗೆ ಊಟ ಇಲ್ಲ. ಯಾಕೆ, ನಾಲಿಗೆ ಬಿದ್ದುಹೋಯ್ತಾ?"

ಅವಳು ನಗುತ್ತಲೇ ತಂಬಿಗೆ ಎತ್ತಿ ಅವನ ಕೈಗೂ ನೀರು ಹೊಯ್ದಳು. ರೂಢಿಯಂತೆ ಅವನ ಬಾಯಿ ಪ್ರಾರ್ಥನೆ ಹೇಳಿ ಮುಗಿಸಿತು. ಈಗ ಅವನೂ ಮೂಕ. ರೊಟ್ಟಿ ಮುರಿಯೋಣವೆಂದರೆ ಮೊದಲ ಚೂರನ್ನು ಉಪ್ಪಿಗೆ ಅದ್ದಿಯೇ ತಿನ್ನಬೇಕು; ಉಪ್ಪಿನ ಬಟ್ಟಲು ಅವಳ ಮಡಿಲಲ್ಲಿತ್ತು.

ಗೋಡೆಯಾಚೆಯ ಕೋಣೆಯಲ್ಲಿ ತಮ್ಮ ಕೆಮ್ಮಿದ. ಒಂಟಿ ತಟ್ಟೆಗೆ ಚಮಚ ತಾಗಿತು. ತನ್ನದೇ ಗದ್ದಲದಲ್ಲಿ ಖಮೂಸ್‌ಗೆ ಇದು ಎಂದೂ ಕೇಳಿಸಿರಲಿಲ್ಲ. ಅವನ ತಲೆ ತಗ್ಗಿದಾಗ ಬಟ್ಟಲು ಮೇಜಿಗೆ ಬಂತು.

ರೊಟ್ಟಿ ನುಂಗಿದವನೇ ಗೋಡೆ ಗುದ್ದಿದ. "ಲೋ ಬೂಗೀದ್, ಊಟಕ್ಕೆ ಬಾರೋ!"

"ತಟ್ಟೆ ಆಗ್ಲೇ ಇಟ್ಟಿದೀನಿ," ಎಂದಳು ಘಜಾಲಾ, ಬಾಯಲ್ಲಿನ ರೊಟ್ಟಿ ಅಗಿಯುತ್ತಾ.