ಓಬಳಮ್ಮ ಎತ್ತಿದ ಭಾರ

ಚಳ್ಳಕೆರೆಯ ಬಡಾವಣೆ ಜಿಮ್ಮಿನಲ್ಲಿ ಎಲ್ಲರೂ ತಮಗಾಗಿಯೇ ಭಾರ ಎತ್ತುವುದಿಲ್ಲ. ಎತ್ತುವಾಗ ಯಾರ ಹೆಸರು ಹೇಳುತ್ತಾರೋ ಆ ಕಸುವು ಅವರ ಮೈಗೆ ಹೋಗುತ್ತದೆ. ಬಾಣಂತಿ ಮಗಳಿಗೆ, ಮುಪ್ಪಿನ ತಾಯಿಗೆ ಅಂತ ಜನ ದಿನಾ ಬಂದು ಬೆವರು ಸುರಿಸುತ್ತಾರೆ. ಓಬಳಮ್ಮ ಬರುತ್ತಿದ್ದುದು ಲಕ್ವ ಹೊಡೆದ ಗಂಡನ ಬಲಗೈಗಾಗಿ.

ವರ್ಷವಾದರೂ ಆ ಕೈ ಜೋತುಬಿದ್ದೇ ಇತ್ತು. ಇವಳೋ, ಇವತ್ತು ಅರವತ್ತು ಕಿಲೋ ರಾಡನ್ನು ಮೊರ ಎತ್ತಿದಂತೆ ಎತ್ತಿಬಿಟ್ಟಳು. ಎಲ್ಲರೂ ಚಪ್ಪಾಳೆ ತಟ್ಟಿದರು. ಅವಳಿಗೆ ಅಳು ಬಂತು.

"ಅಕ್ಕಾ, ಕಸುವೆಲ್ಲ ನಿನ್ನಲ್ಲೇ ಉಳಿದೈತೆ," ಅಂದ ಕೋಚ್ ಇಮ್ತಿಯಾಜ್. "ಎತ್ತುವಾಗ ಏನಂತ ಹೇಳ್ತೀಯ?"

"ಗಂಡನ ಹೆಸರು ಬಾಯಲ್ಲಿ ಹೇಳ್ತಾರೇನೋ? ಮನಸ್ಸಲ್ಲೇ ಅಂದ್ಕಂತೀನಿ."

ಇಮ್ತಿಯಾಜ್ ಹಣೆ ಚಚ್ಚಿಕೊಂಡ. "ಬಾಯಿಬಿಟ್ಟು ಹೇಳ್ಬೇಕು ಕಣಕ್ಕಾ!"

ಓಬಳಮ್ಮ ಬಾಗಿಲ ಕಡೆ ನೋಡಿದಳು. ಅವಳ ಚೀಲವನ್ನು ತೊಡೆಯ ಮೇಲಿಟ್ಟುಕೊಂಡು ಗಂಡ ಬೆಂಚಿನ ಮೇಲೆ ಕಾಯುತ್ತಿದ್ದ. ಅವಳು ಸೆರಗನ್ನು ಸೊಂಟಕ್ಕೆ ಬಿಗಿದು ಮತ್ತೆ ರಾಡಿಗೆ ಕೈ ಹಾಕಿದಳು. ಮದುವೆಯಾದ ದಿನದಿಂದ ನುಂಗಿಕೊಂಡಿದ್ದ ಹೆಸರನ್ನು ಒಂದೇ ಉಸಿರಿಗೆ ಕೂಗಿದಳು: "ತಿಪ್ಪೇಸ್ವಾಮೀ!"

ಇಸ್ಕೂಲಿನಲ್ಲಿ ಹಾಜರಿ ಕೂಗಿದಾಗ ಹುಡುಗರು ಎತ್ತುವಂತೆ, ಬೆಂಚಿನ ಮೇಲಿದ್ದವನ ಬಲಗೈ ಮೇಲೆದ್ದಿತು.