ಎಡಗಣ್ಣಿನ ಕೆಳಗಿನ ಗೆರೆ

ರಾಕ್ಷಸನ ಕೆನ್ನೆಗೆ ಕೊನೆಯ ರಬ್ಬರ್ ತುಂಡು ಅಂಟಿಸಿ ಮೇಕಪ್‌ನವನು ಬೆನ್ನು ನೆಟ್ಟಗೆ ಮಾಡುವುದಕ್ಕೂ, ಬಾಗಿಲಲ್ಲಿ ಅವನ ಅಕ್ಕ ಬಂದು ನಿಲ್ಲುವುದಕ್ಕೂ ಸರಿಹೋಯಿತು. ತಲೆಯ ಮೇಲಿನ ಶಾಲು ಮೂಗಿನವರೆಗೂ ಇಳಿದಿತ್ತು, ಕೈಯಲ್ಲಿ ಅವನ ಕನ್ನಡಕದ ಡಬ್ಬಿ. ಎರಡು ವರ್ಷದಿಂದ ಹೊಸಿಲು ದಾಟದವಳು ಬಸ್ಸು ಹಿಡಿದು, ಗೇಟಿನವನನ್ನು ದಾರಿ ಕೇಳಿಕೊಂಡು, ಸ್ಟುಡಿಯೋದ ಒಳಗೇ ಬಂದುಬಿಟ್ಟಿದ್ದಳು.

“ಮರೆತು ಬಂದಿದ್ದೀಯ ಕಣೋ. ಇದಿಲ್ದೆ ನಿನಗೆ ಹತ್ತಿರದ್ದು ಏನೂ ಕಾಣಲ್ವಲ್ಲ, ಅದಕ್ಕೇ ತಂದೆ” ಎಂದಳು.

ಹೊರಗೆ ಕೂತಿರು, ಈಗ ಬಂದೆ ಎಂದು ಅವನು ಅಡ್ಡ ನಿಂತ. ಗೋಡೆಯುದ್ದಕ್ಕೂ ಕನ್ನಡಿ, ಅದರ ಸುತ್ತ ಬಲ್ಬುಗಳು ಉರಿಯುತ್ತಿದ್ದ ಕೋಣೆ ಅದು. ಮನೆಯಲ್ಲಿ ಅವನು ಹೆಸರಿಗೂ ಒಂದು ಕನ್ನಡಿ ಉಳಿಸಿರಲಿಲ್ಲ. ತನ್ನ ವರ್ಕ್‌ಶಾಪಿನಲ್ಲಿ ತಿನ್ನರ್ ಡಬ್ಬಿಯ ಮುಚ್ಚಳ ಹಾಕದೆ ಒಲೆಯ ಪಕ್ಕದಲ್ಲೇ ಬಿಟ್ಟು ಫೋನಿನಲ್ಲಿ ಹರಟುತ್ತಾ ಆಚೆ ಹೋದವನು ಅವನು. ಬೆಂಕಿ ಹೊತ್ತಿಕೊಂಡಾಗ ಒಳಗೆ ಅವನ ಕೆಲಸಕ್ಕೆಂದೇ ವಿಗ್ ಹೆಣೆಯುತ್ತಾ ಕೂತಿದ್ದವಳು ಅಕ್ಕ. ಆಸ್ಪತ್ರೆಯಿಂದ ಬಂದ ಮೇಲೆ ಅವಳು ತನ್ನ ಮುಖ ನೋಡಿಕೊಂಡದ್ದೇ ಇಲ್ಲ. ದಿನಾ ಬೆಳಿಗ್ಗೆ ಹಣೆಯಿಂದ ಗದ್ದದವರೆಗೆ ಎಣ್ಣೆ ತಿಕ್ಕಿಕೊಳ್ಳುವಾಗ, “ನನ್ನ ಮುಖ ಈಗ ಬೆರಳಿಗೆ ಬಾಯಿಪಾಠ ಕಣೋ” ಎಂದು ತಾನೇ ನಗುತ್ತಿದ್ದಳು.

ಈ ಸಿನಿಮಾಕ್ಕೆ ಆಧಾರವಾದ ಹಳೆಯ ಕಾದಂಬರಿಯನ್ನು ಅವಳು ಮೂರು ಸಲ ಓದಿದ್ದಳು. ಅದರಲ್ಲಿ ರಾಕ್ಷಸ ಪುಟಗಟ್ಟಲೆ ಮಾತಾಡುತ್ತಾನೆ, ನನ್ನನ್ನು ಯಾಕೆ ಹೀಗೆ ಮಾಡಿದೆ ಎಂದು ಮಾಡಿದವನನ್ನೇ ನಿಲ್ಲಿಸಿ ಕೇಳುತ್ತಾನೆ. ಆ ಪುಟ ಬಂದಾಗಲೆಲ್ಲ ಅಕ್ಕ ಕಣ್ಣೊರೆಸಿಕೊಳ್ಳುತ್ತಿದ್ದಳು. ಆ ರಾಕ್ಷಸನನ್ನು ನೋಡುವ ಆಸೆಗೆ ತಮ್ಮನ ಮಾತಿಗೆ ಸೊಪ್ಪು ಹಾಕದೆ ಪಕ್ಕದಲ್ಲೇ ನುಸುಳಿ ಒಳಗೆ ಬಂದಳು. “ಇವನೇನಾ ನಮ್ಮ ಹುಡುಗ?” ಎಂದು ಕುರ್ಚಿಯ ಕಡೆ ಬಾಗಿದಳು.

ಕುರ್ಚಿಯಲ್ಲಿದ್ದ ನಟ ಒಳ್ಳೆಯವನು. ನಾಲ್ಕು ಗಂಟೆ ಅಲ್ಲಾಡದೆ ಕೂತು ಸಾಕಾಗಿ, ಯಾರಾದರೂ ಮಾತಿಗೆ ಸಿಕ್ಕರೆ ಸಾಕೆನ್ನುವಂತಿದ್ದ. “ಮುಟ್ಟಿ ನೋಡಿ ಅಕ್ಕ, ಕಚ್ಚಲ್ಲ. ಬರೀ ರಬ್ಬರು” ಎಂದ.

ಬೇಡ ಎಂದು ಕೂಗಬೇಕೆನಿಸಿದರೂ ಮೇಕಪ್‌ನವನ ಬಾಯಿ ಬರಲಿಲ್ಲ. ಹೋದ ತಿಂಗಳೂ ಹೀಗೇ ಆಗಿತ್ತು. ಅವನು ಮಾಡಿಕೊಟ್ಟ ಹನ್ನೊಂದು ಮುಖಗಳನ್ನೂ ನಿರ್ದೇಶಕ ತಳ್ಳಿಹಾಕಿದ್ದ. ಇವನ್ನು ನೋಡಿದರೆ ಅಯ್ಯೋ ಪಾಪ ಅನ್ನಿಸುತ್ತೆ, ನನಗೆ ಅಸಹ್ಯ ಆಗಬೇಕು ಎಂದಿದ್ದ. ಕೊನೆಗೆ ವರ್ಕ್‌ಶಾಪಿಗೇ ಬಂದು, ಕಪಾಟಿನ ಮೇಲಿಂದ ಒಂದು ಪ್ಲಾಸ್ಟರ್ ಅಚ್ಚು ಇಳಿಸಿ, ಇದೇ, ಇದೇ ಬೇಕು ಎಂದು ಕುಣಿದಾಡಿದ್ದ. ಸುಟ್ಟ ಗಾಯದ ಗಂಟುಗಳನ್ನು ಒತ್ತಿ ಹಿಡಿಯುವ ಮುಖವಾಡ ಮಾಡಿಸಲು, ಆಸ್ಪತ್ರೆಯವರು ಹೇಳಿದರೆಂದು ತಮ್ಮ ತಾನೇ ಕೈಯಾರೆ ತೆಗೆದ ಅಕ್ಕನ ಮುಖದ ಅಚ್ಚು ಅದು. ಅದು ನನ್ನ ಅಕ್ಕ ಎಂದು ಹೇಳಲು ಆಗ ಒಂದು ನಿಮಿಷ ಸಾಕಿತ್ತು. ಅವನು ಹೇಳಲಿಲ್ಲ. ಕನ್ನಡಿ ನೋಡದವಳಿಗೆ ಹೇಗೆ ತಿಳಿದೀತು ಎಂದು ತನ್ನನ್ನು ತಾನೇ ಸಮಾಧಾನಪಡಿಸಿಕೊಂಡಿದ್ದ.

ಅಕ್ಕನ ಬೆರಳುಗಳು ನಟನ ಹಣೆಯ ಮೇಲೆ ಇಳಿದವು. ಹುಬ್ಬಿಲ್ಲದ ಹುಬ್ಬಿನ ಜಾಗ ದಾಟಿದವು. ಕೆನ್ನೆಯ ಮೇಲೆ ನಿಂತವು. ಮತ್ತೆ ಹಣೆಗೆ ಹೋಗಿ, ಬೆಳಗಿನ ಎಣ್ಣೆಯ ದಾರಿಯಲ್ಲೇ ಒಂದೊಂದು ಗಂಟನ್ನೂ ತಡವುತ್ತಾ ಗದ್ದದವರೆಗೆ ಬಂದವು. ಎಡಗಣ್ಣಿನ ಕೆಳಗೆ ಮಾತ್ರ ಏನೋ ಹುಡುಕುವಂತೆ ಎರಡು ಸಲ ಓಡಾಡಿದವು.

“ಇವನಿಗೆ ಮಾತು ಎಷ್ಟಿದೆ?” ಎಂದು ಅವಳು ನಟನನ್ನು ಕೇಳಿದಳು. ದನಿ ಬದಲಾಗಿತ್ತು.

“ಮಾತೆಲ್ಲಿ ಬಂತು ಅಕ್ಕ, ಎಲ್ಲಾ ತೆಗೆದ್ಬಿಟ್ರು. ಬರೀ ಗುರ್ ಅನ್ನೋದು. ಇವತ್ತು ಊರವರೆಲ್ಲ ಸೇರಿ ಸುಟ್ಟುಬಿಡ್ತಾರೆ, ಅಲ್ಲಿಗೆ ನನ್ನ ಕೆಲಸ ಮುಗೀತು” ಎಂದು ಅವನು ನಕ್ಕ.

ಅಕ್ಕ ನೆಟ್ಟಗೆ ನಿಂತಳು. ನಿಧಾನವಾಗಿ ಶಾಲು ಹಿಂದಕ್ಕೆ ಸರಿಸಿ ತಲೆ ಎತ್ತಿದಳು. ಬಲ್ಬುಗಳ ನಡುವೆ ಕನ್ನಡಿಯಲ್ಲಿ ಎರಡು ಮುಖಗಳಿದ್ದವು, ಎರಡೂ ಒಂದೇ. ನಟನ ನಗು ಅಲ್ಲಿಗೇ ನಿಂತಿತು. ಅವನ ಕೈ ತನ್ನ ರಬ್ಬರ್ ಕೆನ್ನೆಯ ಹತ್ತಿರ ಹೋಗಿ, ಮುಟ್ಟಲು ಹೆದರಿ, ಹಾಗೇ ಉಳಿಯಿತು.

“ಅಕ್ಕಾ” ಎಂದ ಮೇಕಪ್‌ನವನು.

ಅವಳು ಡಬ್ಬಿ ತೆರೆದು, ಕನ್ನಡಕವನ್ನು ಶಾಲಿನ ಅಂಚಿನಿಂದ ಒರೆಸಿ, ಚಿಕ್ಕಂದಿನಲ್ಲಿ ಹಾಕುತ್ತಿದ್ದ ಹಾಗೆ ತಾನೇ ಅವನ ಕಿವಿಗೆ ಸಿಕ್ಕಿಸಿದಳು.

“ಎಡಗಣ್ಣಿನ ಕೆಳಗೆ ಒಂದು ಗೆರೆ ಮಾಡೋದು ಬಿಟ್ಟಿದ್ದೀಯ, ನೋಡು” ಎಂದಳು. “ಈ ಸಲ ಸುಡೋಕೆ ಮುಂಚೆ ಸರಿಮಾಡು.”