ಮೊದಲ ಗೀರು

ಇಳಿಸಲು ಹೋದ ಮೊದಲ ಸಲವೇ ಜೋಡಿರೆಕ್ಕೆಯ ಆಟದ ವಿಮಾನ ಗಿರಿಧರನ್ ಅವರ ಕೈ ತಪ್ಪಿಹೋಗುವುದರಲ್ಲಿತ್ತು. ಮೈದಾನದ ಅಂಚಿಗೆ ಬಂದಾಗ ಅವರು ರಿಮೋಟಿನ ಎಡಗಡೆಯ ಕಡ್ಡಿಯನ್ನು ಪೂರ್ತಿ ಕೆಳಗೆಳೆದರು. ಮೋಟಾರು ಸುಮ್ಮನಾಯಿತು, ವಿಮಾನ ತೇಲುವುದನ್ನು ಬಿಟ್ಟು ಸೀದಾ ಟೀ ಗಿಡಗಳತ್ತ ಕುಸಿಯತೊಡಗಿತು. ಪವರ್ ಕೊಡಿ ಎಂದು ಪಕ್ಕದಲ್ಲಿದ್ದ ತಂಗಿಯ ಮಗಳು ಜೀವಿತಾ ಕೂಗಿದಳು. ಕೊಟ್ಟರು. ಗಿಡಗಳ ನೆತ್ತಿ ಸವರಿಕೊಂಡು ಅದು ಮತ್ತೆ ಮೇಲೇರಿತು. ಆ ಚಳಿಯಲ್ಲೂ ಗಿರಿಧರನ್ ಬೆವೆತಿದ್ದರು. ಒರೆಸಿಕೊಳ್ಳಲು ಕೈ ಬಿಡುವಿರಲಿಲ್ಲ.

ಜೀವಿತಾ ಊಟಿಯ ಶಾಲೆಯೊಂದರಲ್ಲಿ ವಿಜ್ಞಾನದ ಟೀಚರು, ಮಾಮನಿಗೆ ಈ ಹುಚ್ಚು ಹಿಡಿಸಿದವಳೂ ಅವಳೇ. ಆರು ತಿಂಗಳಿಂದ ಅವರು ಒಂಟಿರೆಕ್ಕೆಯ ಥರ್ಮಕೋಲ್ ವಿಮಾನ ಹಾರಿಸಿ ಕೈ ಪಳಗಿಸಿಕೊಂಡಿದ್ದರು. ಅದು ಪಾಪದ್ದು, ಮೋಟಾರು ನಿಲ್ಲಿಸಿದರೂ ತಾನಾಗಿ ತೇಲಿಬಂದು ಹುಲ್ಲಿನ ಮೇಲೆ ಕೂರುತ್ತಿತ್ತು. ಎರಡು ರೆಕ್ಕೆ ಇದ್ದರೆ ಗಾಳಿಯ ತಡೆ ಜಾಸ್ತಿ, ಇಳಿಯುವಾಗಲೂ ಪವರ್ ಇರಬೇಕು, ಇಲ್ಲದಿದ್ದರೆ ಬೀಳುತ್ತದೆ ಎಂದು ಅವಳು ನೂರು ಸಲ ಹೇಳಿದ್ದಳು. ಮಾಮ ನೂರು ಸಲವೂ ತಲೆಯಾಡಿಸಿದ್ದರು. ತಲೆಗೆ ಹೋದದ್ದು ಕೈಗೆ ಮಾತ್ರ ಇಳಿದಿರಲಿಲ್ಲ.

ಇಳಿಯುವುದಾದರೂ ಹೇಗೆ? ಮೂವತ್ತೊಂದು ವರ್ಷ ಕಲ್ಲಟ್ಟಿ ಘಾಟಿಯಲ್ಲಿ ಮಸಿನಗುಡಿ ಬಸ್ಸು ಓಡಿಸಿದ ಮನುಷ್ಯ ಅವರು. ಮೂವತ್ತಾರು ತಿರುವುಗಳು, ಬೆನ್ನ ಹಿಂದೆ ಬಸ್ಸು ತುಂಬ ಜನ. ಇಳಿಯುವಾಗ ಆಕ್ಸಿಲರೇಟರ್ ಮೇಲೆ ಕಾಲಿಡುವವನನ್ನು ಅವರು ಡ್ರೈವರ್ ಎಂದೇ ಲೆಕ್ಕಕ್ಕೆ ಹಿಡಿಯುತ್ತಿರಲಿಲ್ಲ. ಒಂದೇ ಒಂದು ಗೀರು ಬೀಳಿಸದೆ ನಿವೃತ್ತರಾದರೆಂದು ಡಿಪೋದಲ್ಲಿ ಶಾಲು ಹೊದಿಸಿದ್ದರು. ಅವರ ಊರು ತುಮ್ಮನಟ್ಟಿಯಲ್ಲಿ ಇವತ್ತಿಗೂ ಯಾರಾದರೂ ಹೊಸ ಜೀಪು ತಂದರೆ ಮೊದಲ ಸುತ್ತು ಅವರ ಕೈಯಿಂದಲೇ ಹಾಕಿಸುತ್ತಾರೆ. ಎರಡು ತಿಂಗಳು ಕೂತು ತಾವೇ ಕಟ್ಟಿದ ಈ ಆಟದ ಸಾಮಾನಿಗಾಗಿ ಆ ಹೆಸರು ಕಳೆದುಕೊಳ್ಳಲು ಅವರಿಗೆ ಸುತರಾಂ ಮನಸ್ಸಿರಲಿಲ್ಲ.

ರಿಮೋಟು ಕೀಕ್ ಕೀಕ್ ಎಂದಿತು. ಬ್ಯಾಟರಿ ಇನ್ನು ಎರಡೇ ನಿಮಿಷ.

"ನೀನೇ ಇಳಿಸಿಬಿಡು ಕೂಸೇ," ಎಂದರು ಗಿರಿಧರನ್, ರಿಮೋಟನ್ನು ಅವಳತ್ತ ಸರಿಸಿ.

ಜೀವಿತಾ ಕೈ ಹಿಂದೆ ಕಟ್ಟಿಕೊಂಡಳು. "ಇವತ್ತು ನಾನು ಇಳಿಸಿದ್ರೆ, ಇನ್ನು ಯಾವತ್ತೂ ನಾನೇ ಇಳಿಸಬೇಕಾಗತ್ತೆ ಮಾಮ."

ಬೇರೆ ದಾರಿಯಿರಲಿಲ್ಲ. ದೊಡ್ಡದೊಂದು ಸುತ್ತು ಹಾಕಿಸಿ ವಿಮಾನವನ್ನು ಮತ್ತೆ ಮೈದಾನದ ನೇರಕ್ಕೆ ತಂದರು. ಅದು ತಗ್ಗಿತು, ಇನ್ನೂ ತಗ್ಗಿತು. ಅಷ್ಟರಲ್ಲಿ ಬಲಗಾಲಿನ ಮೇಲೆ ಏನೋ ಭಾರ ಬಿತ್ತು. ಅರೆಕ್ಷಣ ಕಣ್ಣು ತಗ್ಗಿಸಿದರೆ, ಜೀವಿತಾ ಚಪ್ಪಲಿ ಬಿಟ್ಟು ಬರಿಗಾಲಿನಿಂದ ಅವರ ಶೂ ಅದುಮಿ ಹಿಡಿದಿದ್ದಳು. ಹಿರಿಯರಿಗೆ ಅಪ್ಪಿತಪ್ಪಿ ಕಾಲು ತಾಗಿದರೂ ಮುಟ್ಟಿ ಕಣ್ಣಿಗೊತ್ತಿಕೊಳ್ಳುವ ಮನೆಯ ಹುಡುಗಿ.

"ತಪ್ಪಾಯ್ತು ಮಾಮ. ಇಳಿಸೋವಾಗೆಲ್ಲ ನಿಮ್ಮ ಕಾಲು ಮೇಲೇಳ್ತಿದೆ, ಅದರ ಜೊತೆ ಕೈಯೂ ಪವರ್ ಬಿಡ್ತಿದೆ. ಕಾಲು ಇಲ್ಲೇ ಇರಲಿ."

ಕಾಲು ಏಳುತ್ತಿತ್ತೆಂದು ಗಿರಿಧರನ್‌ಗೆ ಗೊತ್ತೇ ಇರಲಿಲ್ಲ. ಈಗಲೂ ಅದು ಏಳಲು ನೋಡಿತು, ಅವಳು ಬಿಡಲಿಲ್ಲ. ಕಾಲು ನಿಂತಿತು, ಕಡ್ಡಿಯ ಮೇಲಿನ ಹೆಬ್ಬೆರಳೂ ಇದ್ದಲ್ಲೇ ನಿಂತಿತು. ಗುರುಗುಡುತ್ತಲೇ ವಿಮಾನ ಇಳಿಯಿತು. ಚಕ್ರ ಹುಲ್ಲು ಮುಟ್ಟಿತು, ಒಮ್ಮೆ ಪುಟಿಯಿತು, ಎಡಕ್ಕೆ ವಾಲಿ ಕೆಳರೆಕ್ಕೆಯ ತುದಿಯನ್ನು ಕಲ್ಲಿಗೆ ಉಜ್ಜಿಕೊಂಡು ನಿಂತಿತು.

ಜೀವಿತಾ ಮೊದಲು ಬಗ್ಗಿ ಮಾಮನ ಕಾಲು ಮುಟ್ಟಿದಳು. ಅವರು ಅವಳ ತಲೆಯ ಮೇಲೆ ಕೈಯಿಟ್ಟು ಹರಸಿ, ವಿಮಾನದ ಕಡೆಗೆ ಓಡಿದರು. ರೆಕ್ಕೆಯಲ್ಲಿ ಕಿರುಬೆರಳುದ್ದದ ಗೀರು. ಹಳದಿ ಬಣ್ಣ ಎದ್ದುಹೋಗಿತ್ತು. ಅದರ ಮೇಲೆ ಬೆರಳಾಡಿಸುತ್ತ ಸಂಕಟ ಬರಲೆಂದು ಕಾದರು. ಬರಲಿಲ್ಲ. ಬದಲಿಗೆ ನಗು ಬಂತು, ಎಷ್ಟು ಬಂತೆಂದರೆ ಅಲ್ಲೇ ಹುಲ್ಲಿನ ಮೇಲೆ ಕೂತುಬಿಟ್ಟರು. ಇಷ್ಟು ಹಗುರವಾಗಿ ಅವರು ಯಾವ ಗಾಡಿಯ ಪಕ್ಕದಲ್ಲೂ ಕೂತಿದ್ದಿಲ್ಲ.

ಮಾಮನಿಗೆ ಬೇಜಾರಾಗಿಲ್ಲವೆಂದು ಜೀವಿತಾಳಿಗೂ ಸಮಾಧಾನವಾಯಿತು. ಅವಳು ಬ್ಯಾಗಿನಿಂದ ಹೆಬ್ಬೆರಳ ಗಾತ್ರದ ಗೊಂಬೆಯೊಂದನ್ನು ತೆಗೆದಳು. ತಲೆಗೆ ಟೋಪಿ, ಕಣ್ಣಿಗೆ ಕನ್ನಡಕ ಹಾಕಿಕೊಂಡ ಪೈಲಟ್ ಗೊಂಬೆ. ಮೊದಲ ಸಲ ಇಳಿಸಿದ ದಿನ ಕೊಡಬೇಕೆಂದು ತಂದಿಟ್ಟಿದ್ದಳಂತೆ. ವಿಮಾನದ ಸೀಟಿನಲ್ಲಿ ಅಂಟಿಸಿದರೆ ನಿಜವಾದದ್ದರ ಹಾಗೇ ಕಾಣುತ್ತದೆ ಎಂದಳು.

ಗಿರಿಧರನ್ ಗೊಂಬೆಯನ್ನು ಅಂಗೈಯಲ್ಲಿಟ್ಟುಕೊಂಡು ನೋಡಿದರು. ಚೆನ್ನಾಗಿದೆ ಎಂದರು. ಆಮೇಲೆ ಅದನ್ನು ಜೋಪಾನವಾಗಿ ತಮ್ಮ ಅಂಗಿಯ ಜೇಬಿಗೆ ಹಾಕಿಕೊಂಡು, ಇನ್ನೊಂದು ಬ್ಯಾಟರಿ ಕೊಡು ಎಂದು ಕೈಚಾಚಿದರು.

"ಇದರಲ್ಲಾದರೂ ಯಾರನ್ನೂ ಕೂರಿಸೋದು ಬೇಡ, ಕೂಸೇ."